ಪಂಚಾಂಗದಲ್ಲಿಲ್ಲದ ಹಬ್ಬ

ನಮ್ಮ ಮನೆಯೊಳಗೆ ಬೇರೆಯವರು ಬಳಸಿದ ಸಾಮಾನು ಬರಕೂಡದು ಎನ್ನುವುದು ಅಪ್ಪನ ಕಟ್ಟಳೆಯಾಗಿತ್ತು. ಆದರೆ ಸ್ವೀಡನ್ನಿನ ಸೊಲ್ಲೆಂಟುನಾದಲ್ಲಿದ್ದ ಆ ನೆಲಮಹಡಿಯ ಮನೆಯೇ ಬೇರೆಯವರದು. ಬಾಡಿಗೆಗಿದ್ದವರೊಬ್ಬರು ಬೇರೆ ಊರಿಗೆ ಹೋಗುವಾಗ ನಮಗೆ ಒಳಬಾಡಿಗೆಗೆ ಬಿಟ್ಟುಕೊಟ್ಟದ್ದು. ಸೋಫಾ ಅವರದು, ಮಂಚ ಅವರದು, ಊಟದ ಮೇಜಿನ ಮೇಲೆ ಯಾರೋ ಬಿಸಿ ಪಾತ್ರೆ ಇಟ್ಟು ಮಾಡಿದ್ದ ಬಿಳಿ ಉಂಗುರದ ಕಲೆಯೂ ಅವರದೇ. ಅಡುಗೆಮನೆಯ ಬಾಗಿಲ ಚೌಕಟ್ಟಿನಲ್ಲಿ ಅವರ ಮಕ್ಕಳ ಎತ್ತರ ಅಳೆದ ಪೆನ್ಸಿಲ್ ಗೆರೆಗಳಿದ್ದವು. ಅಮ್ಮ ಅವುಗಳ ಪಕ್ಕದಲ್ಲೇ ನನ್ನ ಗೆರೆಯನ್ನೂ ಎಳೆದು, "ನೋಡು ಪುಟ್ಟು, ಈ ಹುಡುಗನಿಗಿಂತ ನೀನು ಒಂದು ಬೆರಳು ಕಮ್ಮಿ. ಮೊಸರನ್ನ ಬಿಡಬೇಡ" ಎನ್ನುತ್ತಿದ್ದಳು. ಬೇರೆಯವರ ಮಂಚದ ಮೇಲೆ ಮಲಗಿ ಎದ್ದು, ಬೇರೆಯವರ ಮೇಜಿನ ಮೇಲೆ ಉಪ್ಪಿಟ್ಟು ತಿಂದು ಆಫೀಸಿಗೆ ಹೊರಡುತ್ತಿದ್ದ ಅಪ್ಪ, ಬೇರೆಯವರ ಬಟ್ಟಲೊಂದು ಮನೆಗೆ ಬಂದರೆ ಮುಖ ಗಂಟಿಕ್ಕುತ್ತಿದ್ದರು. ಅಮ್ಮ ಇದನ್ನು ಒಮ್ಮೆ ಎತ್ತಿ ತೋರಿಸಿದಳು.

"ಅದು ಫರ್ನಿಶ್ಡ್ ಮನೆ ಕಣೇ. ಅದು ಬೇರೆ," ಎಂದರು ಅಪ್ಪ.

"ಓಹೋ. ಮಂಚಕ್ಕೆ ಮೈಲಿಗೆ ಇಲ್ಲ, ಬಟ್ಟಲಿಗೆ ಮಾತ್ರ ಇದೆ."

ಆ ಮನೆಯ ಚಿತ್ರ ಕಣ್ಣು ಮುಚ್ಚಿದರೆ ಈಗಲೂ ಬರುತ್ತದೆ. ದೇವರು ಬಟ್ಟೆಯ ಬೀರುವಿನೊಳಗೆ, ಏಕೆಂದರೆ ಊದುಬತ್ತಿ ಹಚ್ಚಿದರೆ ಚಾವಣಿಯ ಹೊಗೆಗಂಟೆ ಕಿರುಚುತ್ತಿತ್ತು. ಒಗ್ಗರಣೆ ಹಾಕುವ ಹೊತ್ತಿಗೆ ನಾನು ಸ್ಟೂಲಿನ ಮೇಲೆ ನಿಂತು ಆ ಗಂಟೆಗೆ ಟವೆಲ್ ಬೀಸಬೇಕು. ಅದು ಮನೆಯಲ್ಲಿ ನನಗೆ ವಹಿಸಿದ್ದ ಮೊದಲ ಉದ್ಯೋಗ. ದೋಸೆ ಹಿಟ್ಟು ಹುದುಗಲಿ ಎಂದು ಪಾತ್ರೆಯನ್ನು ಕಂಬಳಿಯಲ್ಲಿ ಸುತ್ತಿ ಬಿಸಿನೀರಿನ ಕೊಳವೆಯ ಪಕ್ಕ ಕೂರಿಸುತ್ತಿದ್ದೆವು. ಬೆಳಿಗ್ಗೆ ಎದ್ದು ಮೂವರೂ ಮೊದಲು ನೋಡುತ್ತಿದ್ದದ್ದು ಕಿಟಕಿಯಾಚೆಯ ಹಿಮವನ್ನಲ್ಲ, ಹಿಟ್ಟು ಉಬ್ಬಿದೆಯೇ ಎಂದು. ಅಡುಗೆಮನೆಯ ಕಿಟಕಿ ಅಂಗಳಕ್ಕೆ ತೆರೆಯುತ್ತಿತ್ತು. ಸುತ್ತ ಕಟ್ಟಡಗಳು, ನಡುವೆ ಆ ಅಂಗಳ, ಉಯ್ಯಾಲೆ, ಬರ್ಚ್ ಮರಗಳು, ಸೈಕಲ್ ನಿಲ್ಲಿಸುವ ಕಂಬಿ. ನಮ್ಮ ಕಟ್ಟಡದ ಬಾಗಿಲಿಗೆ ಬರುವ ಕಲ್ಲುಹಾಸಿನ ದಾರಿ ಆ ಕಿಟಕಿಯ ಕೆಳಗೇ ಹಾದುಹೋಗುತ್ತಿತ್ತು. ಹೋಗಿಬರುವ ಎಲ್ಲರ ಟೋಪಿಗಳೂ ನಮಗೆ ಪರಿಚಯ. ಟೋಪಿಯ ಕೆಳಗಿನ ಒಬ್ಬರೂ ಪರಿಚಯವಿರಲಿಲ್ಲ.

ಆ ವರ್ಷದ ಬೇಸಿಗೆಯಲ್ಲಿ ಮೈಸೂರಿನಲ್ಲಿ ತಾತ ತೀರಿಕೊಂಡರು. ಅಮ್ಮನ ಅಪ್ಪ. ನಮ್ಮ ಪರ್ಮಿಟ್ಟು ನವೀಕರಣಕ್ಕೆ ಹೋಗಿತ್ತು. ದೇಶ ಬಿಟ್ಟು ಹೊರಟರೆ ಉತ್ತರ ಬರುವ ತನಕ ವಾಪಸು ಬರಲಾಗುವುದಿಲ್ಲ ಎಂದು ಅಪ್ಪನ ಆಫೀಸಿನವರು ಅರ್ಜಿ ಹಾಕುವಾಗಲೇ ತಿಳಿಸಿದ್ದರು. ಅಮ್ಮ ಹೋಗಲಿಲ್ಲ. ಫೋನು ಇಟ್ಟು, ತಲೆಗೆ ಸ್ನಾನ ಮಾಡಿ ಬಂದು, ಒದ್ದೆ ಕೂದಲಲ್ಲೇ ಅಡುಗೆಮನೆಯ ಕಿಟಕಿಯ ಬಳಿ ಕುರ್ಚಿ ಎಳೆದುಕೊಂಡು ಕೂತಳು. ನಮ್ಮ ಕಡೆ ಸಾವಿನ ಮನೆಗೆ ಯಾರನ್ನೂ ಕರೆಯಬೇಕಾಗಿಲ್ಲ. ಜನ ತಾವಾಗಿಯೇ ಮಾತಾಡಿಸಲು ಬರುತ್ತಾರೆ. ಬಂದವರು ಹೆಚ್ಚು ಮಾತಾಡುವುದಿಲ್ಲ, ಕಾಫಿ ಕೊಟ್ಟರೆ ಬೇಡ ಎನ್ನುತ್ತಾರೆ, ಒಂದಷ್ಟು ಹೊತ್ತು ಸುಮ್ಮನೆ ಕೂತು, ಹೋಗಿಬರುತ್ತೇವೆ ಎನ್ನದೆ ಎದ್ದು ಹೋಗುತ್ತಾರೆ. ಅಮ್ಮ ಅಂಥವರಿಗಾಗಿ ಕಾಯುತ್ತಿದ್ದಳು ಎಂದು ನನಗೆ ಆಗ ತಿಳಿಯಲಿಲ್ಲ. ಯಾರು ಬರಬೇಕು? ಅಪ್ಪ ಆಫೀಸಿನಲ್ಲೂ ಹೇಳಿರಲಿಲ್ಲ.

"ಇಲ್ಲಿಯವರಿಗೆ ಹೇಳಿ ಏನು ಪ್ರಯೋಜನ ಸುಧಾ? ಪಾಪ, ಏನು ಹೇಳ್ಬೇಕು ಅಂತ ಅವ್ರಿಗೂ ಕಷ್ಟ ಆಗುತ್ತೆ," ಎಂದಿದ್ದರು. ಅದರಲ್ಲಿ ಕೆಟ್ಟ ಉದ್ದೇಶ ಇರಲಿಲ್ಲ. ಅಪ್ಪ ಯಾರಿಗೂ ಕಷ್ಟ ಕೊಡದ ಮನುಷ್ಯ. ಆ ಗುಣವೇ ಒಮ್ಮೊಮ್ಮೆ ಮನೆಯವರಿಗೆ ಕಷ್ಟವಾಗುತ್ತಿತ್ತು.

ಸಾವಾದ ವರ್ಷ ಹಬ್ಬವಿಲ್ಲ. ಗೌರಿ ಗಣೇಶ ಬಂದು ಹೋದದ್ದು ಗೊತ್ತಾಗಲಿಲ್ಲ. ದಸರೆಗೆ ಗೊಂಬೆ ಕೂರಿಸಲಿಲ್ಲ. ಮೈಸೂರಿನಿಂದ ಸೀರೆಯಲ್ಲಿ ಸುತ್ತಿ ಸೂಟ್‌ಕೇಸಿನಲ್ಲಿ ತಂದಿದ್ದ ಪಟ್ಟದ ಗೊಂಬೆಗಳು ಮಂಚದ ಕೆಳಗೆ ಮಲಗಿಯೇ ಇದ್ದವು. ಹಿಂದಿನ ವರ್ಷ ಪುಸ್ತಕದ ಕಪಾಟಿನ ಹಲಗೆ ಬಿಚ್ಚಿ ಮೆಟ್ಟಿಲು ಕಟ್ಟಿ, ಬಿಳಿ ಪಂಚೆ ಹಾಸಿ, ನಮ್ಮ ಮೂವರಿಗೇ ಇಡೀ ಅರಮನೆಯ ದರ್ಬಾರು ಕೂರಿಸಿದ್ದವಳು ಅಮ್ಮ. ಅವಳ ಕೈಗಳಿಗೆ ಕೆಲಸವಿಲ್ಲದ ಶರತ್ಕಾಲ ಅದೊಂದೇ. ಕೂತಲ್ಲೇ ಬೆರಳುಗಳು ಸೆರಗಿನ ಅಂಚನ್ನು ಮಡಿಸಿ ಬಿಚ್ಚಿ ಮಾಡುತ್ತಿದ್ದವು.

ಆಗ ನಾನು ಶಾಲೆಯಿಂದ ಒಂದು ಸುದ್ದಿ ತಂದೆ. ಅಕ್ಟೋಬರ್ ಕೊನೆಗೆ ಹ್ಯಾಲೊವೀನ್ ಬರುತ್ತದೆ. ನನ್ನ ಕ್ಲಾಸಿನ ಲೀನಸ್ ಮತ್ತು ಅಂಗಳದ ಉಳಿದ ಮಕ್ಕಳು ದೆವ್ವದ ವೇಷ ಹಾಕಿಕೊಂಡು ಮನೆಮನೆಗೆ ಹೋಗಿ ಮಿಠಾಯಿ ಕೇಳುತ್ತಾರೆ. ಅಲಂಕಾರ ಇರುವ ಮನೆಯ ಗಂಟೆ ಮಾತ್ರ ಒತ್ತಬೇಕು, ಇಲ್ಲದ ಮನೆಗೆ ತೊಂದರೆ ಕೊಡಬಾರದು, ಅದು ನಿಯಮ. ಹಿಂದಿನ ವರ್ಷ ಆ ಮಕ್ಕಳು ನಮ್ಮ ಕಿಟಕಿಯ ಕೆಳಗೇ ನಡೆದು ಎದುರು ಕಟ್ಟಡಕ್ಕೆ ಹೋದದ್ದು ಏಕೆಂದು ಅಮ್ಮನಿಗೆ ಈಗ ಅರ್ಥವಾಯಿತು.

"ಅಂದ್ರೆ ಅಲಂಕಾರ ಮಾಡಿದ್ರೆ ಬರ್ತಾರಾ?"

"ಬರಲೇಬೇಕು. ರೂಲ್ ಅದು."

"ಒಳಗೆ ಬರ್ತಾರಾ?"

"ಬಾಗಿಲ ತನಕ ಬರ್ತಾರೆ."

ಅಮ್ಮ ನಮ್ಮ ಹೊಸಿಲನ್ನು ಒಂದು ಸಲ ನೋಡಿದಳು. "ಈ ಹೊಸಿಲು ನಾವು ಮೂರು ಜನ ಬಿಟ್ಟು ಇನ್ನೊಬ್ಬರ ಕಾಲು ನೋಡಿಲ್ಲ ಪುಟ್ಟು," ಎಂದಳು. "ಬಾಗಿಲ ತನಕ ಬರ್ಲಿ. ಆಮೇಲೆ ನಾನು ನೋಡ್ಕೋತೀನಿ."

ಅಪ್ಪನಿಗೆ ಇದು ಸರಿಕಾಣಲಿಲ್ಲ.

"ಮನೇಲಿ ವರ್ಷ ಹಬ್ಬ ಇಲ್ಲ ಅಂತ ನೀನೇ ಗೊಂಬೆ ಕೂರಿಸಲಿಲ್ಲ. ಈಗ ಇದೇನು?"

"ಇದು ಹಬ್ಬಾನಾ?" ಎಂದಳು ಅಮ್ಮ. "ಪಂಚಾಂಗದಲ್ಲಿ ಎಲ್ಲಿದೆ, ತೋರಿಸಿ ನೋಡೋಣ. ತಿಥಿ ಇದೆಯಾ, ನಕ್ಷತ್ರ ಇದೆಯಾ? ಇಲ್ಲ ಅಂದ್ಮೇಲೆ ಹಬ್ಬ ಅಲ್ಲ. ಹಬ್ಬ ಅಲ್ಲ ಅಂದ್ಮೇಲೆ ಮಾಡಬಹುದು."

ಅಪ್ಪ ಸಾಫ್ಟ್‌ವೇರಿನವರು. ಇಂಥ ತರ್ಕದಲ್ಲಿ ದೋಷ ಹುಡುಕುವುದೇ ಅವರ ಕಸುಬು. ಊಟ ಮುಗಿಯುವ ತನಕ ಯೋಚಿಸಿದರೂ ಸಿಗಲಿಲ್ಲ.

ಅಂಗಡಿಯಲ್ಲಿ ಹೊಸ ಅಲಂಕಾರ ನೋಡಿ ಬಂದೆವು. ಪ್ಲಾಸ್ಟಿಕ್ಕಿನ ಅಸ್ಥಿಪಂಜರ, ಗುಂಡಿ ಒತ್ತಿದರೆ ಕೇಕೆ ಹಾಕುವ ಬುರುಡೆ. ಅಮ್ಮ ಒಂದು ಬುರುಡೆಯನ್ನು ಕೈಯಲ್ಲಿ ಹಿಡಿದು ತಿರುಗಿಸಿ, ತರಕಾರಿ ವಾಪಸಿಡುವ ಹಾಗೆ ವಾಪಸಿಟ್ಟಳು. "ಹೆದರಿಸೋದು ಯಾರು ಬೇಕಾದ್ರೂ ಮಾಡ್ತಾರೆ. ಜನ ನಿಂತು ನೋಡೋ ಹಾಗೆ ಮಾಡ್ಬೇಕು." ಅಲ್ಲಿಂದ ನೇರ ರೈಲು ನಿಲ್ದಾಣದ ಹಿಂದಿನ ಹಳೆ ಸಾಮಾನಿನ ಅಂಗಡಿಗೆ ಕರೆದುಕೊಂಡು ಹೋದಳು. ಒಂದು ನೆಲಮಾಳಿಗೆ ಅದು. ತೀರಿಕೊಂಡವರ ಮನೆ ಖಾಲಿ ಮಾಡಿದಾಗ ಬಂದ ಸಾಮಾನೆಲ್ಲ ಅಲ್ಲಿ ಸೇರುತ್ತಿತ್ತು. ಮುದುಕಿಯರು ಹೆಣೆದ ಲೇಸಿನ ಪರದೆಗಳು, ಯಾರದೋ ಹೆಸರಿನ ಅಕ್ಷರ ಕಸೂತಿ ಹಾಕಿದ ಮೇಜುವಸ್ತ್ರಗಳು, ಕಪ್ಪಾದ ಹಿತ್ತಾಳೆಯ ಮೇಣದ ಕಂಬಗಳು, ಮುರಿದ ತೂಗುದೀಪದಿಂದ ಕಳಚಿದ ಸ್ಫಟಿಕದ ಹನಿಗಳು. ಅಮ್ಮ ಸೀರೆ ಅಂಗಡಿಯಲ್ಲಿ ಜರಿ ನೋಡುವ ಹಾಗೆ ಲೇಸನ್ನು ಬೆಳಕಿಗೆ ಹಿಡಿದು ನೋಡಿದಳು. ನಾನು ಚಿನ್ನದ ಬಣ್ಣದ ದೊಡ್ಡ ಚೌಕಟ್ಟೊಂದನ್ನು ಹೊತ್ತೆ. ಕೊನೆಗೆ ಅವಳ ಕೈಗೆ ಅಂಡಾಕಾರದ ಇನ್ನೊಂದು ಚೌಕಟ್ಟು ಸಿಕ್ಕಿತು. ಅದರೊಳಗೆ ಯಾರೋ ವಯಸ್ಸಾದ ಗಂಡಸಿನ ಕಪ್ಪುಬಿಳುಪು ಫೋಟೋ ಇನ್ನೂ ಇತ್ತು. ಕೋಟು, ಕತ್ತಿನ ಗುಂಡಿ ಹಾಕಿದ ಅಂಗಿ, ಪೊದೆ ಮೀಸೆ.

"ಫೋಟೋ ತೆಗೆದುಬಿಡೋಣ ಅಮ್ಮ."

"ಇರಲಿ ಬಿಡು," ಎಂದಳು. ಗಾಜಿನ ಧೂಳು ಒರೆಸಿ, "ಮೀಸೆ ನೋಡು. ತಾತಂದೇ" ಎಂದಳು.

ಸಂಜೆ ಅಪ್ಪ ಬಂದು ನೋಡಿದಾಗ ಚೀಲಗಳು ಹಜಾರದ ತುಂಬ ಇದ್ದವು.

"ಸತ್ತೋರ ಮನೆ ಸಾಮಾನು ಸುಧಾ! ಯಾರ್ಯಾರು ಮುಟ್ಟಿದ್ದೋ. ಇವನ್ಯಾರು? ಯಾರದೋ ತಾತನ್ನ ತಂದು ಮನೇಲಿ ಇಟ್ಕೋತೀಯಾ?"

"ನಮ್ಮ ತಾತನ್ನ ನೋಡೋಕೆ ಹೋಗಕ್ಕಾಗ್ಲಿಲ್ಲ. ಬೇರೆಯವರ ತಾತ ಆದ್ರೂ ಬರ್ಲಿ," ಎಂದಳು ಅಮ್ಮ. ಜಗಳದ ದನಿಯಲ್ಲಲ್ಲ, ಉಪ್ಪು ಕೊಡಿ ಅನ್ನುವ ಹಾಗೆ. ಅಪ್ಪ ಚೀಲ ದಾಟಿ ಒಳಗೆ ಹೋದರು.

ಮುಂದಿನ ದಿನಗಳಲ್ಲಿ ಶಾಲೆಗೆ ಶರತ್ಕಾಲದ ರಜೆ. ನಾನು ಮತ್ತು ಅಮ್ಮ ಆ ಉಂಗುರದ ಕಲೆಯ ಮೇಜಿನ ಮೇಲೆ ಕೆಲಸಕ್ಕೆ ಕೂತೆವು. ಹುಣಸೆಹಣ್ಣು ಹಾಕಿ ತಿಕ್ಕಿದ ಮೇಲೆ ಹಿತ್ತಾಳೆ ಕಂಬಗಳು ದೇವರ ದೀಪಗಳಂತೆ ಹೊಳೆದವು. ಅಮ್ಮ ತಲೆಯಾಡಿಸಿ, "ಇಷ್ಟು ಹೊಳೀಬಾರದು, ವಯಸ್ಸು ಕಾಣ್ಬೇಕು" ಎಂದು ಕುಸುರಿಯ ಸಂದುಗಳಲ್ಲಿ ಸ್ವಲ್ಪ ಕಪ್ಪು ಉಳಿಸಿದಳು. ಫಿಲ್ಟರಿನ ಎರಡನೇ ಡಿಕಾಕ್ಷನ್ ಬಕೆಟ್ಟಿಗೆ ಹಾಕಿ ಲೇಸಿನ ಪರದೆಗಳನ್ನು ಅದ್ದಿದೆವು. ತೆಗೆದು ಒಣಗಿಸಿದಾಗ ಹಳೆಯ ದಂತದ ಬಣ್ಣ ಬಂದಿತ್ತು. ಮನೆಯೆಲ್ಲ ಕಾಫಿಯ ವಾಸನೆ. ಮನೆಯ ಹಿಂದೆ ಗಾಳಿಗೆ ಬಿದ್ದಿದ್ದ ಬರ್ಚ್ ಕೊಂಬೆ ತಂದು ಹೂಜಿಯಲ್ಲಿ ನಿಲ್ಲಿಸಿ, ಸ್ಫಟಿಕದ ಹನಿಗಳನ್ನು ದಾರದಲ್ಲಿ ಕಟ್ಟಿ ಇಳಿಬಿಟ್ಟೆವು. ಸಿರಿಯಲ್ ಡಬ್ಬಿಯ ರಟ್ಟಿಗೆ ಮಸಿ ಬಳಿದು ಕಾಗೆಗಳನ್ನು ಕತ್ತರಿಸಿದ್ದು ನಾನು. ಅಮ್ಮ ಕೊಕ್ಕು ತಿದ್ದಿದಳು. "ಇದು ಪಾರಿವಾಳ ಕಣೋ. ಕಾಗೆಗೆ ಕತ್ತು ಹೀಗೆ, ಪಿಂಡ ನೋಡೋವಾಗ ತಿರುಗಿಸುತ್ತಲ್ಲ, ಹಾಗೆ."

ಎಲ್ಲಕ್ಕಿಂತ ಚೆನ್ನಾಗಿ ಬಂದದ್ದು ಜೇಡರ ಬಲೆ. ಅಂಗಡಿಯ ಬಲೆ ಹತ್ತಿ ಹಿಂಜಿ ಎಸೆದ ಹಾಗಿತ್ತು. ಅಮ್ಮ ಚಿನ್ನದ ಚೌಕಟ್ಟನ್ನು ಮೇಜಿನ ಮೇಲೆ ಮಲಗಿಸಿ, ಹಿಂದಿನ ಹಲಗೆಯ ಮೇಲೆ ಸೀಮೆಸುಣ್ಣದಿಂದ ರಂಗೋಲಿಗೆ ಇಡುವ ಹಾಗೆ ಚುಕ್ಕಿ ಇಟ್ಟಳು. ಪ್ರತಿ ಚುಕ್ಕಿಗೂ ನಾನು ಸಣ್ಣ ಮೊಳೆ ಹೊಡೆದೆ. ಮೊದಲಿಗೆ ಬೆರಳು ಜಜ್ಜಿಕೊಂಡೆ. ಮೊಳೆಯನ್ನು ಹೊಡೆಯುವುದಲ್ಲ, ಕೂರಿಸುವುದು ಎಂದು ಆಮೇಲೆ ಕೈಗೆ ತಾನಾಗಿ ತಿಳಿಯಿತು. ಅಮ್ಮ ಬಿಳಿ ದಾರ ಹಿಡಿದು, ಒಂದೇ ಎಳೆಯಲ್ಲಿ, ಎಲ್ಲೂ ಕಡಿಯದೆ, ಮೊಳೆಯಿಂದ ಮೊಳೆಗೆ ಸುತ್ತುತ್ತ ಹೋದಳು. ಮುಗಿದಾಗ ಅದು ಬಲೆಯೂ ಹೌದು, ನಮ್ಮ ಬೀದಿಯ ಎಳೆ ರಂಗೋಲಿಯೂ ಹೌದು. ನಾನು ಮುಂದೆ ಓದನ್ನು ಅರ್ಧಕ್ಕೆ ಬಿಟ್ಟು ಕುರ್ಚಿ ಸೋಫಾಗಳಿಗೆ ಬಟ್ಟೆ ಹೊದಿಸುವ ಕಸುಬಿಗೆ ಸೇರಿದಾಗ ನೆಂಟರಲ್ಲಿ ಕೆಲವರು ಮರುಗಿದರು, ಕೆಲವರು ನನಗೆ ಬುದ್ಧಿ ಹೇಳಿದರು. ನನಗೆ ಅದರಲ್ಲಿ ನಾಚಿಕೆ ಇರಲಿಲ್ಲ, ಇವತ್ತಿಗೂ ಇಲ್ಲ. ನನ್ನ ಕೈಯಿಂದ ಹೊರಟ ಕುರ್ಚಿಯಲ್ಲಿ ಕೂತವರು ಯಾರೂ ಎದ್ದು ದೂರು ಹೇಳಿಲ್ಲ. ಆ ಕಸುಬಿಗೆ ನಾನು ಸೇರಿದ್ದು ಆ ಮೇಜಿನ ಮೇಲೆ, ಆ ಮೊಳೆಗಳೊಂದಿಗೆ ಎಂದು ನನಗೆ ಗೊತ್ತು, ಅಮ್ಮನಿಗೂ ಗೊತ್ತಿತ್ತು. ಅವಳು ಮಾತ್ರ ಮರುಗಲಿಲ್ಲ.

ಉಳಿದದ್ದು ಕುಂಬಳಕಾಯಿ. ಅಂಗಳದ ಮನೆಗಳೆಲ್ಲ ಅದಕ್ಕೆ ಕಣ್ಣು ಬಾಯಿ ಕೊರೆದು ಇಟ್ಟಿದ್ದವು. ಅಮ್ಮನಿಗೆ ಮುಖ ಬೇಡ. ಬಲೆಯಂಥದೇ ತೂತುಗಳನ್ನು ಕೊರೆದು ಒಳಗೆ ದೀಪ ಇಟ್ಟರೆ ಗೋಡೆಯ ಮೇಲೆ ಚುಕ್ಕಿ ಬೀಳುತ್ತದೆ ಎಂಬುದು ಅವಳ ಲೆಕ್ಕ. ಆದರೆ ಇಡೀ ಕುಂಬಳಕಾಯಿಗೆ ಹೆಂಗಸರು ಮೊದಲ ಚೂರಿ ಹಾಕಬಾರದು. ಗಂಡಸು ಒಡೆದುಕೊಟ್ಟ ಮೇಲೆ ಬೇಕಾದ ಹಾಗೆ ಹೆಚ್ಚಬಹುದು. ಹುಳಿಗೆ ಕುಂಬಳಕಾಯಿ ತಂದ ದಿನವೆಲ್ಲ ಈ ಶಾಸ್ತ್ರ ನಮ್ಮ ಮನೆಯಲ್ಲಿ ನಡೆಯುತ್ತಿತ್ತು. ನಾನು ಚೂರಿ ಎತ್ತಿಕೊಂಡೆ. ಸಿಪ್ಪೆ ಕಲ್ಲಿನ ಹಾಗಿತ್ತು, ಚೂರಿ ಜಾರಿತು. ಅಪ್ಪ ಸೋಫಾದಲ್ಲಿ ಲ್ಯಾಪ್‌ಟಾಪು ಇಟ್ಟುಕೊಂಡು ಕೂತಿದ್ದವರು, ನಾವು ಮಾಡುತ್ತಿದ್ದ ಯಾವುದನ್ನೂ ಅದುವರೆಗೆ ನೋಡಿರಲಿಲ್ಲ, ಅಥವಾ ನೋಡದ ಹಾಗೆ ಇದ್ದರು. ಎದ್ದು ಬಂದರು.

"ಕೊಡೋ ಇಲ್ಲಿ. ಬೆರಳು ಕತ್ತರಿಸ್ಕೊಂಡ್ರೆ ಅದು ನಿಜವಾದ ಹ್ಯಾಲೊವೀನ್ ಆಗುತ್ತೆ."

ತೊಟ್ಟಿನ ಸುತ್ತ ನಿಧಾನವಾಗಿ ಚೂರಿ ಇಳಿಸಿ, ಮುಚ್ಚಳ ಎತ್ತಿ, ಅಮ್ಮನ ಮುಂದೆ ಇಟ್ಟರು. ಆಮೇಲೆ ಸೋಫಾಕ್ಕೆ ವಾಪಸು ಹೋಗಲಿಲ್ಲ. ಬಲೆಯ ಚೌಕಟ್ಟನ್ನು ಗೋಡೆಗೆ ಹಿಡಿದು, "ಎಡಗಡೆ ಸ್ವಲ್ಪ ಇಳಿದಿದೆ ಕಣೇ" ಎಂದರು. ಮರುದಿನ ಆಫೀಸಿನಿಂದ ಬರುವಾಗ ಒಂದು ಚೀಲ ಹಿಡಿದು ಬಂದರು, ಮುಖದಲ್ಲಿ ಹೆಮ್ಮೆ.

"ತಗೋ. ಎಲ್ಲ ಹಳೇದೇ ಆಯ್ತು, ದೀಪ ಆದ್ರೂ ಹೊಸದಿರಲಿ. ಅಂಗಡಿ ಬಾಗಿಲಲ್ಲೇ ರಾಶಿ ಹಾಕಿದ್ರು. ಎಲ್ಲರೂ ಬುಟ್ಟಿ ತುಂಬ ತಗೊಂಡು ಹೋಗ್ತಿದ್ರು. ಗಾಳಿಗೆ ಆರಲ್ವಂತೆ, ಬೆಳಗ್ಗೆ ತನಕ ಉರಿಯುತ್ತಂತೆ."

ಬಿಳಿ ದೀಪಗಳು, ಎತ್ತರದ ಲೋಟದಂಥವು, ಮೇಲೆ ತೂತಿನ ತಗಡಿನ ಮುಚ್ಚಳ. ಸೊಗಸಾಗಿದ್ದವು. ಅಮ್ಮ ಒಂದನ್ನು ಎತ್ತಿ ಹಿಡಿದು, "ರೀ, ನಿಮಗೂ ಕಣ್ಣಿದೆ" ಎಂದಳು. ಅದಕ್ಕಿಂತ ದೊಡ್ಡ ಪ್ರಶಸ್ತಿ ಅಪ್ಪನಿಗೆ ಆ ವರ್ಷ ಆಫೀಸಿನಲ್ಲೂ ಸಿಕ್ಕಿರಲಿಲ್ಲ. ಪೊಟ್ಟಣದ ರಟ್ಟನ್ನೆಲ್ಲ ಮಡಚಿ, ಕಸ ವಿಂಗಡಿಸುವ ಕೋಣೆಯಲ್ಲಿ ರಟ್ಟಿನ ಡಬ್ಬಕ್ಕೇ ಹಾಕಿ ಬಂದರು. ಅದರ ಮೇಲೆ ಏನು ಬರೆದಿತ್ತೆಂದು ಮೂವರಲ್ಲಿ ಯಾರೂ ಓದಲಿಲ್ಲ.

ಹ್ಯಾಲೊವೀನ್ ದಿನ ಮಧ್ಯಾಹ್ನದ ಕಾಫಿಯ ಹೊತ್ತಿಗೇ ಕತ್ತಲಾಗತೊಡಗಿತು. ಅಪ್ಪ ಆಫೀಸಿನಿಂದ ಬೇಗ ಬಂದಿದ್ದರು. ಕಲ್ಲುಹಾಸಿನ ದಾರಿಯ ಎರಡೂ ಬದಿಗೆ ಅವರ ದೀಪಗಳನ್ನು ಸಾಲಾಗಿ ಇಟ್ಟೆವು. ಬಾಗಿಲ ಪಕ್ಕ ಬಿಳಿ ಸೇವಂತಿಗೆಯ ಕುಂಡಗಳು. ಅಡುಗೆಮನೆಯ ಕಿಟಕಿಗೆ ಕಾಫಿ ಬಣ್ಣದ ಲೇಸು, ಅದರ ನಡುವೆ ಎರಡು ಹಿತ್ತಾಳೆ ಕಂಬಗಳು, ಕಂಬಗಳ ನಡುವೆ ಅಂಡಾಕಾರದ ಚೌಕಟ್ಟಿನ ಆ ಮೀಸೆಯ ಮುದುಕ. ಕೊನೆಗಳಿಗೆಯಲ್ಲಿ ಅಮ್ಮ ಒಣಗಿದ ಬರ್ಚ್ ಎಲೆಗಳನ್ನು ದಾರದಲ್ಲಿ ಪೋಣಿಸಿ ಚೌಕಟ್ಟಿಗೆ ಹಾಕಿದಳು.

"ಹಾರ ಬೇರೆ ಹಾಕಿದೀಯ!" ಎಂದರು ಅಪ್ಪ.

"ಖಾಲಿ ಖಾಲಿ ಕಾಣ್ತಿತ್ತು ರೀ."

ಹೊರಗೆ ಹೋಗಿ ನಿಂತು ನೋಡಿದೆವು. ದೀಪದ ಸಾಲು, ಹೂವು, ಲೇಸಿನ ಹಿಂದೆ ಮಿನುಗುವ ಸ್ಫಟಿಕ, ಗೋಡೆಯ ಮೇಲೆ ಕುಂಬಳಕಾಯಿಯ ಚುಕ್ಕಿಗಳು. ಇಡೀ ಅಂಗಳದಲ್ಲಿ ಅಷ್ಟು ಚಂದದ ಮನೆ ಇನ್ನೊಂದಿರಲಿಲ್ಲ. ಎದುರು ಮನೆಯ ಬಾಲ್ಕನಿಯಲ್ಲಿ ಪ್ಲಾಸ್ಟಿಕ್ ಬುರುಡೆ ಕೇಕೆ ಹಾಕುತ್ತಿತ್ತು. ಅಮ್ಮ ಒಳಗೆ ಹೋಗಿ ಒಳ್ಳೆಯ ಸೀರೆ ಉಟ್ಟು, ಕೊಬ್ಬರಿ ಮಿಠಾಯಿಯ ತಟ್ಟೆ ಹಿಡಿದು ಬಾಗಿಲ ಹಿಂದೆ ನಿಂತಳು. ನಾನು ಕಿಟಕಿಗೆ ಅಂಟಿಕೊಂಡೆ.

ಮಕ್ಕಳು ಬಂದರು. ಲೀನಸ್ ಅಸ್ಥಿಪಂಜರ, ಜೊತೆಗೆ ಮಾಟಗಾತಿಯರು, ಬಿಳಿ ಬಟ್ಟೆಯ ದೆವ್ವಗಳು, ಹಿಂದೆ ಲೀನಸ್‌ನ ಅಮ್ಮ. ನಗುತ್ತ ಓಡಿ ಬಂದವರು ಮೊದಲ ದೀಪದ ಹತ್ತಿರ ನಿಂತರು. ಅಮ್ಮ ಬಯಸಿದ್ದ ಹಾಗೆಯೇ, ನಿಂತು ನೋಡಿದರು. ಲೀನಸ್‌ನ ಅಮ್ಮ ಕಿಟಕಿಯ ಫೋಟೋ ನೋಡಿದಳು, ಹೂವು ನೋಡಿದಳು. ಕೈಯನ್ನು ಎದೆಯ ಮೇಲೆ ಇಟ್ಟುಕೊಂಡಳು. ಬಗ್ಗಿ ಮಕ್ಕಳಿಗೆ ಏನೋ ಪಿಸುಗುಟ್ಟಿದಳು. ಮಾಟಗಾತಿಯೊಬ್ಬಳು ಟೋಪಿ ತೆಗೆದಳು. ಎಲ್ಲರೂ ಕಾಲ್ಬೆರಳ ಮೇಲೆ ನಡೆಯುವ ಹಾಗೆ ಹಿಂದೆ ಸರಿದು, ಬುರುಡೆ ಕೇಕೆ ಹಾಕುತ್ತಿದ್ದ ಮನೆಯ ಕಡೆ ಹೋದರು.

"ಬಂದ್ರಾ ಪುಟ್ಟು?" ಎಂದಳು ಅಮ್ಮ ಬಾಗಿಲ ಹಿಂದಿನಿಂದ.

"ನಿಂತು ನೋಡಿದ್ರು, ಹೋದ್ರು," ಎಂದೆ. ಇನ್ನೊಂದು ಗುಂಪು ಬಂತು, ಅದೂ ಹಾಗೆಯೇ ನಿಂತು, ಹಾಗೆಯೇ ಹೋಯಿತು. ಅಮ್ಮ ತಟ್ಟೆಯನ್ನು ಚಪ್ಪಲಿ ಗೂಡಿನ ಮೇಲೆ ಇಟ್ಟಳು. ಸೆರಗಿನ ಅಂಚು ಬೆರಳಿಗೆ ಸಿಕ್ಕಿತು. ಮಡಿಸಿ ಬಿಚ್ಚಿ ಮಾಡತೊಡಗಿದಳು. "ಅಲಂಕಾರ ಜಾಸ್ತಿ ಆಯ್ತೇನೋ," ಎಂದಳು. ಅಪ್ಪ, ಯಾವತ್ತೂ ಯಾರಿಗೂ ಕಷ್ಟ ಕೊಡದ ಅಪ್ಪ, "ನಾನು ಹೋಗಿ ಕರ್ಕೊಂಡು ಬರ್ಲಾ?" ಎಂದು ಶೂ ಹಾಕಿಕೊಳ್ಳತೊಡಗಿದರು. ಆಗ ಬಾಗಿಲ ಗಂಟೆ ಬಡಿಯಿತು.

ಬಾಗಿಲಲ್ಲಿ ಇದ್ದದ್ದು ಮಗುವಲ್ಲ. ನಮ್ಮ ಮೇಲಿನ ಮಹಡಿಯ ಬ್ರಿಟಾ. ಗಂಡನನ್ನು ಕಳೆದುಕೊಂಡ ಮುದುಕಿ. ಕಸದ ಕೋಣೆಯಲ್ಲಿ ಎದುರಾದರೆ ಹೇಯ್ ಎನ್ನುವುದು ಬಿಟ್ಟರೆ ನಮ್ಮೊಡನೆ ಮಾತಾಡಿದವಳಲ್ಲ. ಕಪ್ಪು ಕೋಟು, ಕೈಯಲ್ಲಿ ಬಟ್ಟೆ ಮುಚ್ಚಿದ ಏಲಕ್ಕಿ ಬನ್ನಿನ ತಟ್ಟೆ. ಅಮ್ಮನ ಕೈ ಹಿಡಿದು, "ಯಾ ಬೆಕ್ಲಾಗರ್ ಸೋರ್ಯೆನ್" ಎಂದಳು, ಆಮೇಲೆ ಮೆಲ್ಲಗೆ ಇನ್ನೇನೋ ಕೇಳಿದಳು. ಅಮ್ಮ ನನ್ನ ಕಡೆ ತಿರುಗಿದಳು.

"ಏನಂತೆ?"

ಸಾವಿನ ಮನೆಯಲ್ಲಿ ಮಾತ್ರ ಆಡುವ ಮಾತು ಅದು. ಟೀಚರಿನ ಗಂಡ ಹೋದಾಗ ಶಾಲೆಯಲ್ಲಿ ನಮಗೆಲ್ಲ ಹೇಳಿಕೊಟ್ಟಿದ್ದರು.

"ನಿಮ್ಮ ದುಃಖ ತಿಳೀತು, ಬೇಜಾರಾಯ್ತು ಅಂತಿದಾರೆ ಅಮ್ಮ. ಯಾರು ಹೋದ್ರು ಅಂತ ಕೇಳ್ತಿದಾರೆ."

ಅಪ್ಪ ಒಂದು ಕಾಲಿಗೆ ಮಾತ್ರ ಶೂ ಹಾಕಿಕೊಂಡು ನಿಂತಿದ್ದರು. ಅಮ್ಮ ಬ್ರಿಟಾಳ ಮುಖ ನೋಡಿದಳು. ಇವಳಿಗೆ ಹೇಗೆ ಗೊತ್ತಾಯಿತು ಎಂದು ಕೇಳಲಿಲ್ಲ. ಸ್ವೀಡಿಷ್ ತರಗತಿಯಲ್ಲಿ ಕಲಿತಿದ್ದ ಕೆಲವೇ ಮಾತುಗಳಲ್ಲಿ ಎರಡನ್ನು ಹುಡುಕಿ ತೆಗೆದಳು.

"ಮಿನ್ ಪಪ್ಪಾ," ಎಂದಳು. ನನ್ನ ಅಪ್ಪ. ಆಮೇಲೆ ಕನ್ನಡದಲ್ಲಿ, ಮುದುಕಿಗೆ ಅರ್ಥವಾಗುತ್ತದೆ ಎನ್ನುವ ಹಾಗೆ, "ಬೇಸಿಗೇಲಿ ಹೋದ್ರು. ನನಗೆ ಹೋಗೋಕಾಗ್ಲಿಲ್ಲ. ಬನ್ನಿ, ಒಳಗೆ ಬನ್ನಿ" ಎಂದಳು.

ಬ್ರಿಟಾ ಬೂಟು ಬಿಚ್ಚಿಟ್ಟು ಒಳಗೆ ಬಂದು ಅಡುಗೆಮನೆಯ ಕುರ್ಚಿಯಲ್ಲಿ ಕೂತಳು. ಕಾಫಿ ಬೇಕೇ ಎಂದರೆ ಈಗ ಬೇಡ ಎಂದಳು. ಸುಮ್ಮನೆ ಕೂತಳು. ಅಮ್ಮನೂ ಎದುರಿಗೆ ಕೂತಳು. ಮೇಜಿನ ಮೇಲೆ ಬನ್ನು ಆರುತ್ತಿತ್ತು. ಬೇಸಿಗೆಯಿಂದ ಅಮ್ಮ ಕಾದಿದ್ದ ಹಾಗೆಯೇ ಒಬ್ಬರು ಬಂದು, ಏನೂ ಹೇಳದೆ, ಅವಳೆದುರು ಕೂತಿದ್ದರು. ಆಗ ಅಮ್ಮ ಅತ್ತಳು. ಫೋನು ಬಂದ ದಿನವೂ ನಾನು ಅವಳು ಅತ್ತದ್ದನ್ನು ನೋಡಿರಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಬ್ರಿಟಾ ಕಿಟಕಿಯ ಕಡೆ ನೋಡಿ, ಸಂಕೋಚದಿಂದ, "ನಿಮ್ಮ ತಂದೆ... ನೋಡಿದರೆ ಸ್ವಲ್ಪ ನಮ್ಮ ದೇಶದವರ ಹಾಗೆ ಇದ್ದಾರೆ" ಎಂದಳು. ನಾನು ಅದನ್ನು ಅಮ್ಮನಿಗೆ ಹೇಳಿದೆ. ಅಮ್ಮ ಮೂಗು ಒರೆಸಿಕೊಳ್ಳುತ್ತಿದ್ದವಳು ಸೆರಗು ಬಾಯಿಗೆ ಒತ್ತಿಕೊಂಡಳು. ಅಳುವಿನ ಒಳಗಿಂದಲೇ ನಗು ಬಂತು.

"ಹೇಳೋ, ಅವರು ನಮ್ಮಪ್ಪ ಅಲ್ಲ, ಅಂಗಡಿಯವರು ಕೊಟ್ಟ ಅಪ್ಪ ಅಂತ ಹೇಳು!"

ಹೇಳಿದೆ. ಹ್ಯಾಲೊವೀನಿಗೆ ಮಾಡಿದ ಅಲಂಕಾರ ಇದು ಎಂದೂ ಹೇಳಿದೆ. ಬ್ರಿಟಾ ಗೋಡೆಯ ಬಲೆ ನೋಡಿದಳು, ರಟ್ಟಿನ ಕಾಗೆ ನೋಡಿದಳು, ಮೆಲ್ಲಗೆ ಕೈಯಿಂದ ಬಾಯಿ ಮುಚ್ಚಿಕೊಂಡಳು. ನಾಳೆ ಸತ್ತವರನ್ನು ನೆನೆಯುವ ದಿನ, ಊರೆಲ್ಲ ಸ್ಮಶಾನಕ್ಕೆ ಹೋಗಿ ಸಮಾಧಿಯ ಮೇಲೆ ದೀಪ ಇಡುತ್ತದೆ, ಹೊರಗೆ ನೀವು ಸಾಲಾಗಿ ಇಟ್ಟಿರುವುದು ಆ ದೀಪಗಳು ಎಂದಳು. ಅಪ್ಪ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು.

"ಅಯ್ಯೋ ಸುಧಾ. ಎಲ್ಲರೂ ಬುಟ್ಟಿ ತುಂಬ ತಗೊಂಡು ಹೋಗ್ತಿದ್ರಲ್ಲ, ಅದಕ್ಕೆ."

"ಹಳೇ ಸಾಮಾನು ಏನೂ ಮಾಡ್ಲಿಲ್ಲ ನೋಡಿ," ಎಂದಳು ಅಮ್ಮ. "ನಿ‌ಮ್ಮ ಹೊಸ ಸಾಮಾನೇ ಮಾಡಿದ್ದು." ಆಮೇಲೆ ಅಪ್ಪನ ಕೈ ಎಳೆದು ಮುಖದಿಂದ ಕೆಳಗಿಳಿಸಿದಳು. "ಇರಲಿ ಬಿಡಿ. ದೀಪ ತಪ್ಪಾಗಿ ಏನೂ ಬಂದಿಲ್ಲ."

ಅಪ್ಪ ಹೊರಗಿನ ದೀಪಗಳನ್ನು ಎತ್ತಿಬಿಡಲು ಹೊರಟರು. ಬ್ರಿಟಾ ತಡೆದಳು. ತಾನೇ ಬೂಟು ಹಾಕಿಕೊಂಡು ಅಂಗಳಕ್ಕೆ ಹೋದಳು. ಉಯ್ಯಾಲೆಯ ಹತ್ತಿರ ಲೀನಸ್‌ನ ಅಮ್ಮನೊಂದಿಗೆ, ಆಮೇಲೆ ಇನ್ನೂ ಯಾರ್ಯಾರೊಂದಿಗೋ ಮಾತಾಡುತ್ತ ನಿಂತದ್ದು ಕಿಟಕಿಯಿಂದ ಕಾಣುತ್ತಿತ್ತು. ಎರಡೂ ವಿಷಯ ಹೇಳಿರಬೇಕು. ಏಕೆಂದರೆ ಆಮೇಲೆ ಬಂದವರು ಎರಡಕ್ಕೂ ಬಂದರು. ಮಕ್ಕಳು ಬಾಗಿಲಲ್ಲಿ ಮಿಠಾಯಿ ಕೇಳಿದರು. ಹಿಂದೆ ನಿಂತ ದೊಡ್ಡವರು ಅಮ್ಮನ ಕೈ ಹಿಡಿದು ಆ ಮಾತು ಹೇಳಿದರು. ಅಮ್ಮ ಯಾರನ್ನೂ ಹೊಸಿಲಿನಾಚೆ ನಿಲ್ಲಗೊಡಲಿಲ್ಲ. ದೆವ್ವಗಳೂ ಮಾಟಗಾತಿಯರೂ ನಮ್ಮ ಸೋಫಾದ ಮೇಲೆ, ನೆಲದ ಮೇಲೆ ಕೂತು ಕೊಬ್ಬರಿ ಮಿಠಾಯಿ ತಿಂದರು. ಲೀನಸ್ ಬಲೆಯ ಮುಂದೆ ನಿಂತು, ಈ ದಾರದ ತುದಿ ಎಲ್ಲಿದೆ ಎಂದು ಹುಡುಕುತ್ತಲೇ ಇದ್ದ. ಮೊಳೆ ಹೊಡೆದದ್ದು ನಾನು ಎಂದೆ. ಅವನು ನಂಬಲಿಲ್ಲ, ನನ್ನ ಕರಿಗಟ್ಟಿದ ಉಗುರು ತೋರಿಸಬೇಕಾಯಿತು.

ಮಾರನೆಯ ದಿನ ಆ ದೀಪಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಬ್ರಿಟಾಳ ಜೊತೆ ಸ್ಮಶಾನಕ್ಕೆ ಹೋದೆವು. ದೂರದಲ್ಲಿ ಮಣ್ಣಾದವರಿಗೆ ದೀಪ ಇಡಲೆಂದೇ ಅಲ್ಲೊಂದು ಜಾಗವಿತ್ತು. ಅಪ್ಪನೇ ಬಗ್ಗಿ ಹಚ್ಚಿದರು. ಆ ಬೆಟ್ಟದಷ್ಟು ಬೆಳಕನ್ನು ಅಮ್ಮ ಬಹಳ ಹೊತ್ತು ನೋಡಿದಳು. ಆದರೆ ನನ್ನ ಮನಸ್ಸು ಮತ್ತೆ ಮತ್ತೆ ಹೋಗುವುದು ಅಲ್ಲಿಗಲ್ಲ, ಹಿಂದಿನ ಸಂಜೆಗೆ. ಒಳಗೆ ಗಲಾಟೆ ನಡೆದಿತ್ತು. ಅಪ್ಪ ಸ್ಟೂಲಿನ ಮೇಲೆ ನಿಂತು ಹೊಗೆಗಂಟೆಗೆ ಟವೆಲ್ ಬೀಸುತ್ತಿದ್ದರು. ಅಮ್ಮನನ್ನು ಹುಡುಕಿಕೊಂಡು ಹಜಾರಕ್ಕೆ ಬಂದೆ. ಅವಳು ತೆರೆದ ಬಾಗಿಲ ಬಳಿ ನಿಂತಿದ್ದಳು. ಈ ದೇಶದವರು ಯಾರ ಮನೆಗೆ ಹೋದರೂ ಬಾಗಿಲಲ್ಲೇ ಪಾದರಕ್ಷೆ ಬಿಡುತ್ತಾರೆ. ನಮ್ಮ ಹೊಸಿಲಿನ ಆಚೆ ಈಚೆ, ಮೆಟ್ಟಿಲ ತನಕ, ಕೆಸರು ಮೆತ್ತಿದ ಬೂಟುಗಳ ರಾಶಿ ಬಿದ್ದಿತ್ತು. ದೊಡ್ಡವರದು, ಮಕ್ಕಳದು, ಒಂದರ ಮೇಲೊಂದು.

"ನಮ್ಮಪ್ಪ ಹೋದಾಗ ಮೈಸೂರಿನ ಮನೆ ಮುಂದೆ ಇಷ್ಟೇ ಚಪ್ಪಲಿ ಬಿದ್ದಿದ್ವಂತೆ ಪುಟ್ಟು," ಎಂದಳು. "ಬೀದಿ ತನಕ ಇತ್ತಂತೆ. ನಾನೇ ನೋಡಲಿಲ್ಲ."

ಸೀರೆಯ ನೆರಿಗೆ ಸೊಂಟಕ್ಕೆ ಸಿಕ್ಕಿಸಿಕೊಂಡು ಕುಕ್ಕರುಗಾಲಲ್ಲಿ ಕೂತಳು. ಗೊಂಬೆ ಕೂರಿಸುವಾಗಿನ ಅದೇ ತಾಳ್ಮೆಯಿಂದ, ಒಂದೊಂದೇ ಬೂಟನ್ನು ಎತ್ತಿ, ಅದರ ಜೊತೆಯನ್ನು ಹುಡುಕಿ, ಗೋಡೆಯುದ್ದಕ್ಕೂ ಸಾಲಾಗಿ ಇಡತೊಡಗಿದಳು.